ಮುಂದಿನ ಮಂಗಳವಾರದ ಚೀಟಿ

ಸಂಕ್ರಾಂತಿ ಕಳೆದ ಮೇಲಿನ ಎರಡನೆಯ ಮಂಗಳವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಮದ್ದೂರಿನ ಒಣಕಸ ಘಟಕ. ಹಾಜರಿದ್ದವರು: ನಾನು, ಕಸ ಬೇರ್ಪಡಿಸುವ ಸಾಕಮ್ಮ, ಅವಳ ಜೊತೆಗಾರ್ತಿ ನೂರ್‌ಜಾನ್. ಮಂಜು ದಟ್ಟವಾಗಿ ಬಿದ್ದಿತ್ತು.

ಹೀಗೆ ಶುರುಮಾಡಿದ್ದಕ್ಕೆ ಕ್ಷಮಿಸಬೇಕು. ಮೂವತ್ನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಸಿಸ್ಟರ್ ಆಗಿದ್ದವಳು ನಾನು. ತಾರೀಖು, ಸಮಯ, ಹಾಜರಿದ್ದವರು ಎಂದು ಬರೆಯದೆ ನನ್ನ ಕೈಗೆ ಮುಂದಿನ ವಾಕ್ಯ ಬರುವುದಿಲ್ಲ. ಮಗಳ ಲಗ್ನಪತ್ರಿಕೆಯ ಕರಡನ್ನೂ ಹೀಗೆಯೇ ಬರೆದಿದ್ದೆ. ಅದನ್ನು ಓದಿದ ಬೀಗರು, "ನಮ್ ಉಡುಗನ್ನ ಮದುವೆ ಮಾಡ್ಕತೀರೋ, ಅಡ್ಮಿಟ್ ಮಾಡ್ಕತೀರೋ?" ಎಂದು ಕೇಳಿದ್ದರು.

ಕಸವನ್ನೂ ನಾನು ಹಾಗೆಯೇ ನೋಡಿಕೊಳ್ಳುತ್ತೇನೆ. ಹಸಿಕಸ ದಿನಾ ಬರುವ ಕಸದ ಗಾಡಿಗೆ. ಒಣಕಸ ವಾರಕ್ಕೊಮ್ಮೆ, ಮಂಗಳವಾರ, ನಾನೇ ಹೊತ್ತುಕೊಂಡು ಹೋಗಿ ಘಟಕಕ್ಕೆ. ಹಾಲಿನ ಕವರುಗಳನ್ನು ತೊಳೆದು, ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿ, ಮಡಿಸಿ ಇಡುತ್ತೇನೆ. ಬೀದಿಯವರು ಆ ಹಗ್ಗ ನೋಡಿ ನಗುತ್ತಾರೆ. ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಹಾಕಬಾರದು ಎಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಆ ದಿನ ಘಟಕದ ಬಾಗಿಲಲ್ಲಿ ಜನ ಇರುವುದಿಲ್ಲ. ನನಗೆ ಬೇಕಾದ್ದೂ ಅದೇ. ನಂಬಿಕೆಗಳಿಂದ ನನಗಾದ ಲಾಭ ಇದೊಂದೇ ಎಂದು ಮೊನ್ನೆಯವರೆಗೂ ಹೇಳಿಕೊಳ್ಳುತ್ತಿದ್ದೆ.

ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟುತ್ತೇನೆ. ತಾರೀಖು, ಸಮಯ, ಒಳಗೆ ಏನಿದೆ, ಹಾಜರು. ಹಾಜರು ಎಂಬಲ್ಲಿ 'ನಾನು' ಎಂದಷ್ಟೇ ಇರುತ್ತದೆ, ಬೇರೆ ಯಾರೂ ಆ ಕೆಲಸಕ್ಕೆ ಬರುವುದಿಲ್ಲವಲ್ಲ. ಇಡೀ ತಿಂಗಳ ಚೀಟಿಗಳನ್ನು ಮೊದಲೇ ಬರೆದು ಡ್ರಾಯರಿನಲ್ಲಿ ಒಂದರ ಕೆಳಗೊಂದು ಜೋಡಿಸಿಡುತ್ತೇನೆ. ಇದು ವಾರ್ಡಿನ ಅಭ್ಯಾಸ. ಕೆಲಸ ಕಡಿಮೆ ಇದ್ದಾಗ ಮುಂದಿನ ದಿನಗಳ ಹಾಳೆಗಳಿಗೆ ತಲೆಬರಹ ಬರೆದಿಟ್ಟುಕೊಂಡರೆ ಆಮೇಲೆ ಹಗುರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಉತ್ಸಾಹದಿಂದ ರೋಗಿಗಳ ಹೆಸರನ್ನೂ ಬರೆದಿಡುತ್ತಿದ್ದುದನ್ನು ಕಂಡ ಹಿರಿಯ ಸಿಸ್ಟರೊಬ್ಬರು ನನ್ನ ಕೈ ಹಿಡಿದುಕೊಂಡಿದ್ದರು. "ತಾರೀಖು ಬರಿ, ಹೆಸರು ಬರೀಬೇಡ. ನಾಳಿನ ಹಾಳೆ ಮೇಲೆ ಯಾರ ಹೆಸರೂ ಇವತ್ತೇ ಬರೀಬಾರದು." ಅವರು ಯಾವುದಕ್ಕೂ ಹೆದರುವವರಲ್ಲ. ಆದರೆ ಅಂದು ಅವರ ಕೈ ತಣ್ಣಗಿತ್ತು.

ನಾನು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನಲ್ಲಿ, ಬಂಡೂರಿನ ಪಕ್ಕದ ಒಂದು ಹಳ್ಳಿಯಲ್ಲಿ. ಅಲ್ಲಿ ಕಸ ಎಂಬ ಮಾತಿಗೆ ಅರ್ಥವೇ ಬೇರೆ. ಎಲ್ಲವೂ ತಿಪ್ಪೆಗೆ, ತಿಪ್ಪೆ ಗದ್ದೆಗೆ. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ಒಂದು ದೀಪ ಇಡುತ್ತಿದ್ದೆವು. ಆದರೆ ಅಜ್ಜಿಯ ಕಾನೂನುಗಳು ಯಾವ ವಾರ್ಡಿಗೂ ಕಡಿಮೆ ಇರಲಿಲ್ಲ. ಬಾಚಿದ ಕೂದಲನ್ನು ಸುತ್ತಿ, ಮೂರು ಸಲ ಉಗಿದು ಎಸೆಯಬೇಕು. ದೀಪ ಹಚ್ಚಿದ ಮೇಲೆ ಒಂದು ಕಡ್ಡಿಯೂ ಹೊರಗೆ ಹೋಗಬಾರದು. "ಯಾಕಜ್ಜಿ?" ಎಂದರೆ, "ಬಿಸಾಕಿದ್ದು ಮನೆ ದಾರಿ ಮರಿಯಕಿಲ್ಲ ಕಣವ್ವ," ಎನ್ನುತ್ತಿದ್ದಳು.

ಸತ್ತವರ ವಸ್ತುಗಳು ಮಾತ್ರ ತಿಪ್ಪೆಗೆ ಹೋಗುತ್ತಿರಲಿಲ್ಲ. ಅವು ಊರ ಗಡಿಗೆ. ಚಾಪೆ, ದಿಂಬು, ಕೋಲು, ಮೆಟ್ಟು. ಅಜ್ಜಿ ಸತ್ತಾಗ ನಾನು ನಾಲ್ಕನೇ ಕ್ಲಾಸು. ಶಾಲೆಯ ದಾರಿಯಲ್ಲಿ, ಗಡಿ ಕಲ್ಲಿನ ಹತ್ತಿರ, ಅವಳ ಚಾಪೆ ಸುರುಳಿಯಾಗಿ ಬಿದ್ದಿತ್ತು. ಚಾಪೆಯ ಸುರುಳಿ ಖಾಲಿಯಾಗಿದ್ದರೆ ಚಪ್ಪಟೆಯಾಗಬೇಕು. ಅದು ಆಗಿರಲಿಲ್ಲ. ಎದುರಿನಿಂದ ಒಂದು ಕುರಿಮಂದೆ ಬಂತು. ನಮ್ಮ ಕಡೆಯ ಕುರಿಗಳು ಗಿಡ್ಡ, ದಪ್ಪ, ಕಲ್ಲನ್ನೂ ತುಳಿದುಕೊಂಡು ಹೋಗುತ್ತವೆ. ಆ ಮಂದೆ ಚಾಪೆಯ ಬಳಿ ಬಂದು ಎರಡಾಗಿ ಸೀಳಿ, ಸುತ್ತುಹಾಕಿ, ಆಚೆ ಹೋಗಿ ಮತ್ತೆ ಒಂದಾಯಿತು. ಕುರಿ ಕಾಯುವವನು ತಲೆ ಎತ್ತಲೇ ಇಲ್ಲ. ನಾನು ಅಂದು ಗದ್ದೆಯ ಬದುವಿನ ಮೇಲೆ ಸುತ್ತಿಕೊಂಡು ಶಾಲೆಗೆ ಹೋಗಿ, ತಡವಾಗಿ ಬಂದದ್ದಕ್ಕೆ ಮೇಷ್ಟರಿಂದ ಏಟು ತಿಂದೆ. ಜೀವನದಲ್ಲಿ ನಾನು ತಡವಾಗಿ ಹೋದದ್ದು ಅದೊಂದೇ ದಿನ.

ಇರಲಿ, ಘಟಕಕ್ಕೆ ಬರೋಣ. ತಗಡಿನ ಸೂರು, ಹತ್ತಿರದಲ್ಲೇ ರೈಲು ಹಳಿ. ಕಸದ ಗಾಡಿಯಲ್ಲಿ ಬಂದ ಒಣಕಸವೂ ಕೊನೆಗೆ ಅಲ್ಲಿಗೇ ಬರುತ್ತದೆ. ಸಾಕಮ್ಮನಿಗೆ ಮದ್ದೂರಿನ ಅರ್ಧ ಮನೆಗಳ ಒಳಗು ಗೊತ್ತು, ಒಂದರ ಹೊಸಿಲನ್ನೂ ತುಳಿಯದೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರು ಗುಟ್ಟಾಗಿ ಕುಡಿಯುತ್ತಾರೆ, ಯಾವ ಸೊಸೆಗೆ ತಿಂಗಳು ನಿಂತಿದೆ, ಎಲ್ಲವನ್ನೂ ಚೀಲ ಬಿಚ್ಚಿ ಹೇಳುತ್ತಾಳೆ. ನಮ್ಮ ಡಾಕ್ಟರುಗಳಿಗೂ ಇಷ್ಟು ಬೇಗ ತಿಳಿಯುತ್ತಿರಲಿಲ್ಲ.

ಅಂದು ಅವಳು ನನ್ನ ಚೀಲವನ್ನು ಇಸಿದುಕೊಳ್ಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು.

"ಬೇಜಾರ್ ಮಾಡ್ಕಬ್ಯಾಡಿ ಸಿಸ್ಟರಮ್ಮ. ಒಂದ್ ಮಾತು ಏಳಿ ಕಳಿಸ್ಬಾರ್ದಿತ್ತಾ? ಮಣ್ಣಿಗಾದ್ರೂ ಬತ್ತಿದ್ದೊ."

"ಯಾರ ಮಣ್ಣಿಗೆ?"

"ಯಜಮಾನ್ರ ಮಣ್ಣಿಗೆ."

ನಾನು ನಕ್ಕುಬಿಟ್ಟೆ. "ಬೆಳಿಗ್ಗೆ ಐದೂವರೆಗೆ ಕಾಫಿ ಕೊಟ್ಟು ಬಂದಿದ್ದೀನಿ ಕಣೆ ಸಾಕಮ್ಮ. ಯಾರು ಹೇಳಿದ್ದು ನಿನಗೆ?"

ಅವಳು ಮೂಲೆಯಿಂದ ಒಂದು ಚೀಲ ತಂದು ನನ್ನ ಮುಂದಿಟ್ಟಳು. ನಿನ್ನೆ ಗಾಡಿಯಲ್ಲಿ ಬಂದದ್ದಂತೆ. ಬಾಯಿಗೆ ನನ್ನ ಚೀಟಿ. ನನ್ನದೇ ಅಕ್ಷರ, ನನ್ನ ನೀಲಿ ಶಾಯಿ, ಕೆಳಗೆ ನಾನು ಸ್ಕೇಲು ಇಟ್ಟು ಎಳೆಯುವ ಗೆರೆ. ಹಾಜರು: ನಾನು. ತಾರೀಖು ಮಾತ್ರ ಮುಂದಿನ ಮಂಗಳವಾರದ್ದು. ಇನ್ನೂ ಬಂದಿಲ್ಲದ ದಿನ.

ಒಳಗೆ ನಮ್ಮ ಯಜಮಾನರ ಕಂದು ಚೌಕಟ್ಟಿನ ಕನ್ನಡಕ. ಬಲಗಾಲಿನ ಹಿಮ್ಮಡಿ ಸವೆದ ಅವರ ಚರ್ಮದ ಮೆಟ್ಟು. ಅವರ ಸುಣ್ಣದ ಡಬ್ಬಿ. ಚಳಿಗಾಲದಲ್ಲಿ ಅವರು ದಿನಾ ತೊಡುವ ಸ್ವೆಟರು.

"ಗಂಡಸು ಬದ್ಕಿದ್ರೆ ಕನ್ನಡ್ಕಾನೂ ಮೆಟ್ಟೂ ಒಂದೇ ಚೀಲ್ದಲ್ಲಿ ಬರಕಿಲ್ಲ ಕಣ್ರವ್ವ," ಎಂದಳು ಸಾಕಮ್ಮ, ಮೆಲ್ಲಗೆ. "ಕನ್ನಡ್ಕ ಒಡೆದ್ರೆ ಕನ್ನಡ್ಕ ಬತ್ತದೆ. ಮೆಟ್ಟು ಕಿತ್ತೋದ್ರೆ ಮೆಟ್ಟು ಬತ್ತದೆ. ಎರಡೂ ಒಟ್ಗೆ ಬಂದ್ರೆ ಮನ್ಸ ಇಲ್ಲ ಅಂತ್ಲೇಯ."

"ಅರೆ, ಸುಮ್ನಿರು ಸಾಕಮ್ಮ," ಎಂದಳು ನೂರ್‌ಜಾನ್. "ಹಲ್ಲಿನ ಸೆಟ್ಟು ಇಲ್ಲ ನೋಡು ಅದ್ರಲ್ಲಿ. ಹೋದೋರ್ದು ಆದ್ರೆ ಅದೂ ಬರ್ತದೆ. ಹೆದರಿಸ್ಬೇಡ ಅಮ್ಮನ್ನ."

"ನಾನು ಹೆದರಿಲ್ಲ," ಎಂದೆ. ನನ್ನ ಚೀಲವನ್ನು ಅಲ್ಲೇ ಬಿಟ್ಟು ಆ ಚೀಲವನ್ನು ಎತ್ತಿಕೊಂಡೆ.

ಸಾಕಮ್ಮ ಅಡ್ಡ ಬಂದಳು. "ವಾಪಸ್ ಒಯ್ಬ್ಯಾಡಿ ಸಿಸ್ಟರಮ್ಮ. ಮಂಗ್ಳಾರ ಬೇರೆ. ಇಂಥದ್ದು ಒಂದ್ಸಲ ಈಚೆ ಬಂದ್ರೆ ತಿರ್ಗ ಮನೆ ಒಳಕೆ ಓಗ್ಬಾರ್ದು."

ಅಜ್ಜಿಯೇ ಎದುರು ನಿಂತು ಹೇಳಿದ ಹಾಗಾಯಿತು. ನಾನು ಪಕ್ಕಕ್ಕೆ ಸರಿದು ನಡೆದೆ.

ನಮ್ಮ ಮನೆ ಅಲ್ಲಿಂದ ಹದಿನೈದು ನಿಮಿಷ. ನನ್ನ ನಡಿಗೆಗೆ ಹನ್ನೆರಡು. ಮಂಜಿನಲ್ಲಿ ಹತ್ತು ಹೆಜ್ಜೆಯ ಆಚೆ ಬೀದಿ ಇರಲಿಲ್ಲ. ಚೀಲದೊಳಗೆ ಆ ಮೆಟ್ಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಟಪ್, ಟಪ್. ಬಲಗಾಲಿನದು ಸ್ವಲ್ಪ ತಡವಾಗಿ. ನಲವತ್ತು ವರ್ಷ ಕೇಳಿದ ನಡಿಗೆ ಅದು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ನಾನು ನಡೆದರೆ ಹಿಂದಿನಿಂದ ಬರುತ್ತಿತ್ತು. ಚೀಲವನ್ನು ಎದೆಗೆ ಅವುಚಿಕೊಂಡೆ. ಸದ್ದು ನಿಂತಿತು. ಅದು ಇನ್ನೂ ಕೆಟ್ಟದಾಗಿತ್ತು.

ನನ್ನನ್ನು ಹೆದರಿಸಿದ್ದು ದೆವ್ವವಲ್ಲ, ನಮ್ಮ ಅಕ್ಕ. ಹಿಂದಿನ ದಿನವಿಡೀ ನಾನು ಮಳವಳ್ಳಿಯಲ್ಲಿ ಅವಳ ಮನೆಯಲ್ಲಿದ್ದೆ. ಅಕ್ಕನಿಗೆ ಮರೆವಿನ ಕಾಯಿಲೆ. ಬೀಗದ ಕೈಯನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ, ಅಕ್ಕಿಯನ್ನು ತುಳಸಿ ಕಟ್ಟೆಗೆ ಸುರಿಯುತ್ತಾಳೆ. ಮಧ್ಯಾಹ್ನ ಊಟಕ್ಕೆ ಕೂತಾಗ, ಸತ್ತು ಎಷ್ಟೋ ವರ್ಷವಾದ ಭಾವನಿಗೆ ತಟ್ಟೆ ಹಾಕಿ, ಮುದ್ದೆ ಬಡಿಸಿ, "ತಣ್ಣಗಾಯ್ತದೆ, ಉಣ್ಣಿ" ಎಂದಳು. ನಾನು ಅವಳನ್ನು ತಿದ್ದಲು ಹೋದೆ. ಅವಳು ನನ್ನನ್ನೇ ಮರುಕದಿಂದ ನೋಡಿದಳು. "ಪಾಪ, ನಿಂಗೆ ಕಾಣಕಿಲ್ವಾ?"

ನಾನು ಬೆಳಿಗ್ಗೆ ಕಾಫಿ ಕೊಟ್ಟೆನೇ? ಕೊಟ್ಟೆ. ಯಾರಿಗೆ? ಹಜಾರದಲ್ಲಿ ದೀಪ ಹಾಕಿರಲಿಲ್ಲ. ಕಂಬಳಿ ಹೊದ್ದ ಒಂದು ಆಕಾರ, ಕುರ್ಚಿಯಲ್ಲಿ. ಲೋಟ ಅದರ ಪಕ್ಕದಲ್ಲಿಟ್ಟೆ. ಅವರು ಮಾತಾಡಿದರೇ? ನೆನಪಿಲ್ಲ, ಬೆಳಗಿನ ಹೊತ್ತು ನಾನು ಮಾತಿಗೆ ಕಾಯುವವಳಲ್ಲ. ಹಿಂದಿನ ಸಂಜೆ ನಾನು ಬಸ್ಸಿಳಿದು ಬಂದಾಗ? ಆಗಲೂ ಅದೇ ಕಂಬಳಿ, ಮಂಚದ ಮೇಲೆ. ಅವರ ಮುಖವನ್ನು ನಾನು ಕೊನೆಯ ಸಲ ನೋಡಿದ್ದು ಯಾವಾಗ? ರೋಗಿಗಳ ಮನೆಯವರಿಗೆ ಈ ಪ್ರಶ್ನೆಯನ್ನು ಎಷ್ಟು ಸಲ ಗದರಿ ಕೇಳಿದ್ದೇನೋ. "ಕೊನೇ ಸಲ ಯಾವಾಗ ನೋಡಿದ್ರಿ? ಸರಿಯಾಗಿ ಹೇಳಿ!" ಅವರು ಬಾಯಿ ತೆರೆದು ನಿಲ್ಲುತ್ತಿದ್ದರು. ನಾನೂ ಹಾಗೆಯೇ ಬಾಯಿ ತೆರೆದುಕೊಂಡು ಬೀದಿಯಲ್ಲಿ ನಿಂತೆ.

ಅಡುಗೆಮನೆಯ ಬಚ್ಚಲಿನಲ್ಲಿ ಎರಡು ಲೋಟ ಇದ್ದರೆ ಅವರು ಇದ್ದಾರೆ, ಒಂದೇ ಇದ್ದರೆ ಇಲ್ಲ. ಹೀಗೆ ಲೆಕ್ಕ ಹಾಕಿಕೊಂಡು ಮನೆ ಹೊಕ್ಕೆ. ಬಚ್ಚಲಿನಲ್ಲಿ ಒಂದೂ ಇರಲಿಲ್ಲ. ಹೊರಡುವ ಮುಂಚೆ ಎಲ್ಲವನ್ನೂ ತೊಳೆದು, ಒರೆಸಿ, ಗೂಡಿನಲ್ಲಿ ಬೋರಲು ಹಾಕಿ ಹೋಗಿದ್ದೆ. ಅಚ್ಚುಕಟ್ಟಿನ ಹೆಂಗಸು ತನ್ನ ವಿರುದ್ಧದ ಸಾಕ್ಷಿಯನ್ನೂ ಉಳಿಸುವುದಿಲ್ಲ, ತನ್ನ ಪರದ ಸಾಕ್ಷಿಯನ್ನೂ ಉಳಿಸುವುದಿಲ್ಲ.

ಕುರ್ಚಿ ಖಾಲಿ. ಕಂಬಳಿ ಮಡಿಸಿಟ್ಟಿದೆ. ಪೇಪರು ಹೊಸಿಲಲ್ಲೇ ಬಿದ್ದಿದೆ, ಮಡಿಕೆ ಬಿಚ್ಚಿಲ್ಲ. ಗೋಡೆಯ ಮೊಳೆಯ ಮೇಲೆ ಸ್ವೆಟರು ಇಲ್ಲ. ಅದು ದಿನಾ ತೂಗುವ ಜಾಗದಲ್ಲಿ ಸುಣ್ಣದ ಬಣ್ಣ ಬೇರೆಯಾಗಿ, ಒಂದು ಮೈಯ ಆಕಾರ ಗೋಡೆಗೆ ಅಂಟಿಕೊಂಡಿತ್ತು. ಮಹಡಿಯ ಮೇಲಿರುವ ಮಗಳು, ಅಳಿಯ ಇಬ್ಬರೂ ಮಂಡ್ಯದ ಕೆಲಸಕ್ಕೆ ಹೊರಟಾಗಿತ್ತು. ಮಂಚದ ತಲೆಗಡೆ ಹಲ್ಲಿನ ಸೆಟ್ಟಿನ ಬಟ್ಟಲನ್ನು ನೋಡಿದೆ. ಖಾಲಿ. ಅಂದರೆ ಹಲ್ಲು ಬಾಯಿಯಲ್ಲಿರಬೇಕು. ಖಾಲಿ ಬಟ್ಟಲಿನಿಂದ ಮನುಷ್ಯರಿಗೆ ಇಷ್ಟು ಧೈರ್ಯ ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ಡ್ರಾಯರು ತೆರೆದೆ. ಈ ವಾರದ ಚೀಟಿಯನ್ನು ಭಾನುವಾರವೇ ನನ್ನ ಚೀಲಕ್ಕೆ ಕಟ್ಟಿದ್ದೆ. ಹಾಗಾಗಿ ಮೇಲೆ ಇರಬೇಕಾದದ್ದು ಮುಂದಿನ ಮಂಗಳವಾರದ್ದು. ಅದು ಇಲ್ಲ. ಕೆಳಗಿನವೆಲ್ಲ ಇದ್ದವು. ಯಾರೋ ಮೇಲಿನದೊಂದನ್ನು ಎತ್ತಿಕೊಂಡಿದ್ದಾರೆ. ಯಾರೋ, ಅಥವಾ ನಾನೇ.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಚೀಲವನ್ನು ಸುರಿದೆ. ವಾರ್ಡಿನಲ್ಲಿ ಸತ್ತವರ ಸಾಮಾನಿನ ಪಟ್ಟಿ ಮಾಡುವ ಹಾಗೆ ಒಂದೊಂದನ್ನೇ ಸಾಲಾಗಿ ಇಟ್ಟೆ. ತಳದಲ್ಲಿ ಇನ್ನೊಂದು ಚೀಟಿ ಇತ್ತು. ಮಡಿಸಿದ ಕಂದು ಕಾಗದ. ಅದನ್ನು ಬಿಚ್ಚುವ ಮೊದಲೇ ನನಗೆ ಅರ್ಥವಾಯಿತು.

ನಮ್ಮ ಯಜಮಾನರು ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಬಿತ್ತನೆ ಭತ್ತದ ಗೋದಾಮಿನಲ್ಲಿದ್ದವರು. ಬೀಜದ ಚೀಲಕ್ಕೆ ಯಾವಾಗಲೂ ಎರಡು ಚೀಟಿ. ಹೊರಗೊಂದು, ಒಳಗೊಂದು. ಹೊರಗಿನದು ಹರಿದು ಹೋದರೂ ಒಳಗಿನದು ಬೀಜದ ಜಾತಕ ಹೇಳಬೇಕು. ಮನೆಯ ಹುರುಳಿ ಡಬ್ಬಿಯೊಳಗೂ ಅವರು ಒಂದು ಚೀಟಿ ಹಾಕುತ್ತಾರೆ. ಅದು ಎಷ್ಟೋ ಸಲ ಸಾರಿಗೆ ಬಿದ್ದಿದೆ. ಈ ಚೀಟಿಯಲ್ಲಿ ಅವರ ದುಂಡು ಅಕ್ಷರದಲ್ಲಿ ಎರಡೇ ಸಾಲು:

ಬಾಳಿಕೆ ಅವಧಿ ಮುಗಿದಿದೆ. ಬಿತ್ತನೆಗೆ ಯೋಗ್ಯವಲ್ಲ.

ಕೆಳಗೆ ಸಹಿ.

ನನ್ನ ಬುದ್ಧಿ ನೆಟ್ಟಗಿದೆ ಎಂಬ ಸಮಾಧಾನ ಒಂದು ಉಸಿರಿನಷ್ಟು ಇತ್ತು. ಮರು ಉಸಿರಿಗೆ, ಹಾಗಾದರೆ ಅವರೆಲ್ಲಿ ಎಂಬ ಭಯ.

"ಯಾರವ್ವ ಅದು?"

ಹಿಂದಿನಿಂದ ಬಂತು. ಪರಸ್ಥಳದ ಹೆಂಗಸನ್ನು ಕೇಳುವ ದನಿ. ಹಂಡೆ ಒಲೆಯ ಹೊಗೆ, ಮಂಜು ಎರಡೂ ಕಲೆತು ಬಚ್ಚಲಮನೆಯ ಬಾಗಿಲಲ್ಲಿ ಬಿಳುಪು ತುಂಬಿತ್ತು. ಅದರ ನಡುವೆ, ಬರಿಗಾಲಲ್ಲಿ, ಒಂದು ಟವಲು ಸುತ್ತಿಕೊಂಡು ಅವರು ನಿಂತಿದ್ದರು. ಕಣ್ಣು ನನ್ನ ಕಡೆಯೇ ಇತ್ತು. ಆದರೆ ನಾನು ಅವರಿಗೆ ಕಾಣುತ್ತಿರಲಿಲ್ಲ. ಆ ಒಂದು ಕ್ಷಣ, ಸತ್ತಿರುವುದು ನಾನೇ ಇರಬೇಕು ಎನ್ನಿಸಿತು.

"ಯಾರವ್ವ, ಮಾತಾಡು."

"ನಾನು ಕಣ್ರೀ," ಎಂದೆ.

"ಓ, ಸಿಸ್ಟರೂ!" ಎಂದರು. ತಮಾಷೆ ಮಾಡುವಾಗ ನನ್ನನ್ನು ಹಾಗೆಯೇ ಕರೆಯುವುದು. "ಕಂಡಾಪಟ್ಟೆ ಮಂಜು ಕಣೆ. ಏನೂ ಕಾಣಕಿಲ್ಲ."

"ಮಂಜಲ್ಲ. ಕನ್ನಡಕ ಇಲ್ಲ." ಅದನ್ನು ತೆಗೆದು ಅವರ ಮೂಗಿನ ಮೇಲಿಟ್ಟೆ. ಅವರು ಕಲ್ಲಿನ ಮೇಲಿನ ಸಾಲನ್ನು ನೋಡಿದರು. ಕಳ್ಳತನ ಸಿಕ್ಕಿಬಿದ್ದ ಮಗುವಿನಂತೆ ಮುಖ ಸಣ್ಣದಾಯಿತು.

"ಅಲ್ಲಿಗೂ ಓಗಿ ಇಡ್ಕಬಂದ್ಯಾ? ನಿನ್ನ ಕಣ್ಣು ತಪ್ಸಿ ಸಾಯಕ್ಕೂ ಆಗಕಿಲ್ವಲ್ಲೇ."

"ಏನ್ರೀ ಇದೆಲ್ಲ?"

ಅವರು ಕಲ್ಲಿನ ಅಂಚಿಗೆ ಕೂತರು. ದಸರೆಯ ಹೊತ್ತಿಗೆ ಬೆಳಕವಾಡಿಯಲ್ಲಿ ಅವರ ಅಣ್ಣ ತೀರಿಕೊಂಡಿದ್ದರು. ಹನ್ನೊಂದರ ಕಾರ್ಯಕ್ಕೆ ಇಬ್ಬರೂ ಹೋಗಿದ್ದೆವು. ಊರ ಗಡಿಯೆಲ್ಲ ಈಗ ಸೈಟುಗಳಾಗಿವೆಯಲ್ಲ, ಹಾಗಾಗಿ ಮನೆಯವರು ಸತ್ತವರ ಗಂಟನ್ನು ನಾಲೆಗೆ ಬಿಟ್ಟಿದ್ದರಂತೆ. ಅದನ್ನು ನಾನು ನೋಡಿರಲಿಲ್ಲ.

"ಏರಿ ಮೇಲೆ ಓಯ್ತಿದ್ದೆ," ಎಂದರು. "ನೀರು ಕಮ್ಮಿ ಇತ್ತು. ಅಣ್ಣನ ಕನ್ನಡ್ಕ ಜೊಂಡಿಗೆ ಸಿಕ್ಕಾಕಂಡು ನಿಂತಿತ್ತು ಕಣೆ, ಬಿಚ್ಕಂಡು, ನೆಟ್ಟಗೆ. ಬಿಸಿಲು ಬಿದ್ದು ಒಳೀತಿತ್ತು. ನಾನ್ ಆ ಕಡೆ ಓದ್ರೆ ಆ ಕಡೆ ನೋಡ್ತದೆ. ಈ ಕಡೆ ಬಂದ್ರೆ ಈ ಕಡೆ ನೋಡ್ತದೆ. ಒಂದು ಮೆಟ್ಟು ತೇಲ್ತಾ ಅದರ ಸುತ್ತ ತಿರುಗ್ತಿತ್ತು. ಅವತ್ತಿಂದ ಕಣ್ ಮುಚ್ಚಿದ್ರೆ ಅದೇಯ. ಮಿಕ್ಕಿದ್ದೇನಾದ್ರೂ ಆಗ್ಲಿ, ನನ್ ಕನ್ನಡ್ಕ, ನನ್ ಮೆಟ್ಟು ಅಂಗೆ ನೀರಲ್ಲಿ ನಿಂತ್ಕಂಡು ಯಾರನ್ನೂ ನೋಡ್ಬಾರ್ದು. ನಿನ್ ಸಾಕಮ್ಮ ಆದ್ರೆ ನೆಟ್ಟಗೆ ಬ್ಯಾರೆ ಬ್ಯಾರೆ ಮಾಡ್ತಾಳೆ ಅಂತೀಯಲ್ಲ. ಸತ್ತ ಮ್ಯಾಕೆ ನನ್ ಮಾತು ನಡೀತದಾ? ನೀನು ಮಳವಳ್ಳಿಗೆ ಓಗಿದ್ದೆ, ಗಾಡಿ ಬಂತು, ಈಗ್ಲೇ ಕೊಟ್ಬುಟ್ಟೆ."

"ಅದಕ್ಕೆ ನನ್ನ ಚೀಟಿ ಬೇರೆ ಕಟ್ಟಿದ್ರಾ?"

"ಚೀಟಿ ಇಲ್ದೆ ಮಾಲು ಕಳ್ಸಾದುಂಟಾ?" ಗೋದಾಮಿನ ಮನುಷ್ಯನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಅದರ ಮೇಲೆ ಮುಂದಿನ ಮಂಗಳವಾರದ ತಾರೀಖಿದೆ!"

"ನೋಡಿದೆ. ನೀನೇ ಬರ್ದಿರಾದು. ಸಿಸ್ಟರು ಬರ್ದ ಮ್ಯಾಕೆ ಅದೇ ತಾರೀಕು ಅಂದ್ಕಂಡೆ," ಎಂದು ನಕ್ಕರು. ಹಲ್ಲಿನ ಸೆಟ್ಟು ಬಿಳಿಯಾಗಿ ಹೊಳೆಯಿತು. ನನಗೆ ನಗು ಬರಲಿಲ್ಲ.

ಬೈಯದೆ ಇರುವುದು ನನಗೆ ಗೊತ್ತಿಲ್ಲ. ಬೈಯಲು ಸಿಕ್ಕಿದ್ದನ್ನು ಹಿಡಿದುಕೊಂಡೆ. "ಚರ್ಮದ ಮೆಟ್ಟು, ಗಾಜು, ಉಣ್ಣೆ ಎಲ್ಲ ಒಂದೇ ಚೀಲಕ್ಕೆ ತುಂಬಿದ್ದೀರಲ್ಲ! ಇಷ್ಟು ವರ್ಷ ಏನು ಕಲಿತಿರಿ ನನ್ನ ಹತ್ತಿರ?"

"ಅದಕ್ಕೂ ಬ್ಯಾರೆ ಚೀಲ್ವಾ?"

"ಮೂರು ಚೀಲ. ನಾನಿರೋ ತನಕ ನಿಮ್ಮ ಒಂದು ಗುಂಡಿಯೂ ನಾಲೆಗೆ ಹೋಗಲ್ಲ. ತಿಳೀತಾ?"

"ನೀನೇ ಮೊದ್ಲು ಓದ್ರೆ?"

ಅದಕ್ಕೆ ನನ್ನ ಚೀಟಿಯಲ್ಲಿ ಜಾಗ ಇರಲಿಲ್ಲ. ಹಂಡೆಯ ನೀರು ಕುದಿಯುತ್ತಿದೆ ಎಂದು ಅವರನ್ನು ಸ್ನಾನಕ್ಕೆ ಅಟ್ಟಿದೆ.

ಒಂಬತ್ತಕ್ಕೆ ತಿಂಡಿ. ಸ್ವೆಟರನ್ನು ಕೊಡವಿ, ಗೋಡೆಯ ಮೇಲಿನ ಆ ಆಕಾರಕ್ಕೆ ಸರಿಯಾಗಿ ಹೊಂದುವಂತೆ ಮೊಳೆಗೆ ಹಾಕಿದೆ. ಸುಣ್ಣದ ಡಬ್ಬಿ ಕಿಟಕಿಗೆ. ಹನ್ನೊಂದಕ್ಕೆ ಮೆಟ್ಟನ್ನು ಚಮ್ಮಾರರ ಬಳಿ ಒಯ್ದು ಬಲಗಾಲಿನ ಹಿಮ್ಮಡಿಗೆ ಹೊಸ ಚರ್ಮ ಹೊಲಿಸಿದೆ. ಇನ್ನು ಅದು ತಡವಾಗಿ ಸದ್ದು ಮಾಡುವುದು ಬೇಡ. ಹೋಗುವ ದಾರಿಯಲ್ಲಿ ಘಟಕಕ್ಕೂ ಇಣುಕಿ, ಅವರು ಇದ್ದಾರೆ ಎಂದು ಹೇಳಿದೆ. ನೂರ್‌ಜಾನ್ "ನಾನ್ ಹೇಳ್ಲಿಲ್ವಾ, ಹಲ್ಲು!" ಎಂದು ಚಪ್ಪಾಳೆ ತಟ್ಟಿದಳು. ಸಾಕಮ್ಮ ಮಾತ್ರ ನಗಲಿಲ್ಲ. "ಒಳ್ಳೇದಾಯ್ತು ಬುಡಿ," ಎಂದು ನೆಲ ನೋಡಿದಳು. "ಮುಂದಿನ್ ಮಂಗ್ಳಾರ ಕಳೀಲಿ."

ಸಂಜೆ ದೀಪ ಹಚ್ಚಿದ ಮೇಲೆ ಡ್ರಾಯರಿನ ಎದುರು ಕೂತೆ. ಅವರ ಕಂದು ಚೀಟಿಯನ್ನು ಹರಿದು ಎಸೆಯಬೇಕೆಂದಿದ್ದೆ. ಆದರೆ ಹೊರಗೆ ಹಾಕುವ ಹೊತ್ತು ಮೀರಿತ್ತು. ದೀಪ ಹಚ್ಚಿದ ಮೇಲೆ ಒಂದು ಕಡ್ಡಿಯೂ ಇಲ್ಲ. ಅದನ್ನು ಒಲೆಗೆ ಹಾಕಿದೆ. ಕಾಗದ ಕರ್ರಗಾದ ಮೇಲೂ ಆ ದುಂಡು ಅಕ್ಷರಗಳು ಬೆಳ್ಳಗೆ ಸ್ವಲ್ಪ ಹೊತ್ತು ಉಳಿದವು. ಚಿಮಟದಿಂದ ಒಡೆದೆ.

ಆ ಚೀಲದ ಬಾಯಿಂದ ಬಿಚ್ಚಿದ ಮುಂದಿನ ಮಂಗಳವಾರದ ಚೀಟಿ ನನ್ನ ಮುಂದಿತ್ತು. ಹಾಜರು: ನಾನು. ಪೆನ್ನು ತೆಗೆದುಕೊಂಡೆ. ಆ ಹಿರಿಯ ಸಿಸ್ಟರಿನ ತಣ್ಣನೆಯ ಕೈ ನನ್ನ ಮುಂಗೈ ಮೇಲೆ ಬಂದು ಕೂತ ಹಾಗಾಯಿತು. ಕೈ ಕೊಡವಿಕೊಂಡೆ. 'ನಾನು' ಎಂಬುದರ ಪಕ್ಕದಲ್ಲಿ, ಎಂದೂ ಹೆಸರು ಹಿಡಿದು ಕರೆಯದ ಅವರ ಹೆಸರನ್ನು, ಇನಿಷಿಯಲ್ ಸಮೇತ, ಪೂರ್ತಿ ಬರೆದೆ. ಅದರ ಕೆಳಗಿನ ವಾರಕ್ಕೂ ಬರೆದೆ. ಅದರ ಕೆಳಗಿನದಕ್ಕೂ. ತಿಂಗಳ ಚೀಟಿಗಳು ಮುಗಿದವು. ಹೊಸ ಕಾಗದ ಕತ್ತರಿಸಿ ಶಿವರಾತ್ರಿ ದಾಟಿದೆ, ಯುಗಾದಿ ದಾಟಿದೆ, ದಸರೆಯನ್ನೂ ದಾಟಿದೆ.

"ಏನೇ ಅದು, ಅಷ್ಟೊಂದು?" ಕುರ್ಚಿಯಿಂದ ಅವರು ಕೇಳಿದರು. ಕನ್ನಡಕದ ಎರಡೂ ಗಾಜಿನಲ್ಲಿ ದೀಪ ಒಂದೊಂದು ಉರಿಯುತ್ತಿತ್ತು.

"ಡ್ಯೂಟಿ ಪಟ್ಟಿ. ಇನ್ನು ಪ್ರತಿ ಮಂಗಳವಾರ ಬೆಳಿಗ್ಗೆ ಆರೂ ಐವತ್ತಕ್ಕೆ ನೀವೂ ಬರಬೇಕು. ಚೀಲ ಹೊರೋಕೆ."

"ನನ್ನ ಯಾಕೆ ಕೇಳ್ಲಿಲ್ಲ?"

"ಡ್ಯೂಟಿ ಹಾಕೋವಾಗ ಯಾರನ್ನೂ ಕೇಳಲ್ಲ."

ಗೋದಾಮಿನಲ್ಲಿ ಇದ್ದಷ್ಟು ವರ್ಷವೂ, ಪಟ್ಟಿಯಲ್ಲಿ ಹೆಸರು ಬಂದ ದಿನ ಅವರು ಒಮ್ಮೆಯೂ ಗೈರುಹಾಜರಾದವರಲ್ಲ. ರಾತ್ರಿ ಎಂಟೂಕಾಲಿಗೆ ಶಾಯಿ ಆರಿತು. ಚೀಟಿಗಳನ್ನು ಒಂದರ ಕೆಳಗೊಂದು ಜೋಡಿಸಿ, ಮುಂದಿನ ಮಂಗಳವಾರದ್ದನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಡ್ರಾಯರಿಗೆ ಬೀಗ ಹಾಕಿದೆ.